ಅಪ್ಪಣೆ ಕೇಳಿದ ಗ್ರಾಮಫೋನು

ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ನ್ಯೂ ಹೇವನ್ ಎಂಬ ಊರಿದೆ. 1938ರ ಏಪ್ರಿಲ್ ತಿಂಗಳಲ್ಲಿ ಒಂದು ದಿನ ಆ ಊರಿನ ಕ್ಯಾಸಿಯಸ್ ಬೀದಿಗೆ ಒಬ್ಬ ತಂದೆ, ಇಬ್ಬರು ಗಂಡುಮಕ್ಕಳು ಬಂದರು. ತಂದೆಯ ಹೆಸರು ನ್ಯೂಟನ್ ಕ್ಯಾಂಟ್‌ವೆಲ್. ಮಕ್ಕಳು ಜೆಸ್ಸಿ ಮತ್ತು ರಸೆಲ್. ಮೂವರೂ ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಥಕ್ಕೆ ಸೇರಿದವರು. ಒಬ್ಬೊಬ್ಬರ ಬಳಿಯೂ ಪುಸ್ತಕ ತುಂಬಿದ ಚೀಲ, ಕೈಯಲ್ಲಿ ಹಿಡಿದೊಯ್ಯುವಂಥ ಪುಟ್ಟ ಗ್ರಾಮಫೋನು, ಒಂದಷ್ಟು ಪ್ಲೇಟುಗಳು. ಮನೆ ಮನೆಗೆ ಹೋಗುವುದು, ಒಪ್ಪಿದವರಿಗೆ ಪ್ಲೇಟು ಹಾಕಿ ಕೇಳಿಸುವುದು, ಪುಸ್ತಕ ಕೊಳ್ಳಿ ಎನ್ನುವುದು, ಕೊಳ್ಳದಿದ್ದರೆ ಒಂದಿಷ್ಟು ಕಾಣಿಕೆ ಕೊಡಿ ಎನ್ನುವುದು, ಇದು ಅವರ ಕ್ರಮ.

ಆ ಬೀದಿಯ ಜನರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಕ್ಯಾಥೊಲಿಕರು. ಜೆಸ್ಸಿಯ ಬಳಿಯಿದ್ದ ಒಂದು ಪ್ಲೇಟಿನಲ್ಲಿ ಇದ್ದುದೋ ಕ್ಯಾಥೊಲಿಕ್ ಸಭೆಯ ಕಟು ನಿಂದೆ! ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಅವನು ನಿಲ್ಲಿಸಿ, ‘ಕೇಳುತ್ತೀರಾ?’ ಎಂದ. ಅವರು ‘ಆಗಲಿ’ ಎಂದರು. ಪ್ಲೇಟು ತಿರುಗತೊಡಗಿದಂತೆ ಇಬ್ಬರ ಮುಖವೂ ಕೆಂಪಾಯಿತು. ಇಲ್ಲಿಂದ ಹೋಗದಿದ್ದರೆ ನಾಲ್ಕು ಬಿಗಿಯಬೇಕು ಅನ್ನಿಸಿತ್ತು ಎಂದು ಅವರೇ ಆಮೇಲೆ ಹೇಳಿದರು. ‘ಹೊರಡು’ ಎಂದರು. ಜೆಸ್ಸಿ ಎದುರು ಮಾತನಾಡದೆ ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ.

ನಡೆದದ್ದು ಇಷ್ಟೆ. ಆದರೆ ಪೊಲೀಸರು ಮೂವರನ್ನೂ ಹಿಡಿದರು. ಪರವಾನಗಿಯಿಲ್ಲದೆ ಚಂದಾ ಎತ್ತಿದರು ಎಂಬುದು ಒಂದು ಆರೋಪ, ಶಾಂತಿಭಂಗ ಇನ್ನೊಂದು. ಕೆಳಗಿನ ನ್ಯಾಯಾಲಯಗಳಲ್ಲಿ ಶಿಕ್ಷೆಯೂ ಆಯಿತು. ಮೊಕದ್ದಮೆ ಸುಪ್ರೀಂ ಕೋರ್ಟು ಮುಟ್ಟಿ, 1940ರ ಮೇ 20ರಂದು ತೀರ್ಪು ಬಂತು. ನ್ಯಾಯಮೂರ್ತಿ ಓವೆನ್ ರಾಬರ್ಟ್ಸ್ ಬರೆದ ಆ ತೀರ್ಪಿಗೆ ಎಲ್ಲ ನ್ಯಾಯಮೂರ್ತಿಗಳೂ ಸಮ್ಮತಿಸಿದರು. ಶಿಕ್ಷೆ ರದ್ದಾಯಿತು.

ಈ ತೀರ್ಪಿನಲ್ಲಿ ನೋಡಬೇಕಾದದ್ದು ಗೆದ್ದವರಾರು ಎಂಬುದನ್ನಲ್ಲ, ನ್ಯಾಯಾಲಯ ಯಾವ ಯಾವ ಪ್ರಶ್ನೆ ಹಾಕಿಕೊಂಡಿತು ಎಂಬುದನ್ನು. ಜೆಸ್ಸಿ ಗದ್ದಲ ಮಾಡಿದನೆ? ಇಲ್ಲ. ಯಾರನ್ನಾದರೂ ಮುಖಕ್ಕೆ ಬೈದನೆ? ಇಲ್ಲ. ದಾರಿ ಅಡ್ಡಗಟ್ಟಿದನೆ? ಇಲ್ಲ. ಕೇಳಿದವರಿಗೆ ಕೋಪ ಬಂದದ್ದಂತೂ ನಿಜ. ಆದರೆ ಕೇಳಿದವನ ಕೋಪವೇ ಹೇಳಿದವನ ಅಪರಾಧವಾಗುವುದಿಲ್ಲ. ಇನ್ನು ಪರವಾನಗಿಯ ಮಾತು. ಒಂದು ಕಾರ್ಯ ಧಾರ್ಮಿಕವೋ ಅಲ್ಲವೋ ಎಂದು ಒಬ್ಬ ಅಧಿಕಾರಿ ತನ್ನ ಮನಸ್ಸಿಗೆ ತೋಚಿದಂತೆ ತೀರ್ಮಾನಿಸುವ ಪದ್ಧತಿಯನ್ನು ನ್ಯಾಯಾಲಯ ಒಪ್ಪಲಿಲ್ಲ. ಹಾಗೆಂದು ಹಗ್ಗ ಪೂರ್ತಿ ಬಿಚ್ಚಿಬಿಡಲೂ ಇಲ್ಲ. ನಂಬುವ ಸ್ವಾತಂತ್ರ್ಯಕ್ಕೆ ಮಿತಿಯಿಲ್ಲ, ನಂಬಿದ್ದನ್ನು ಹಿಡಿದು ಬೀದಿಗಿಳಿದಾಗ ಮಿತಿಯುಂಟು. ಯಾವ ಹೊತ್ತು, ಯಾವ ಜಾಗ, ಯಾವ ರೀತಿ ಎಂಬುದನ್ನು ಸರ್ಕಾರ ಗೊತ್ತುಪಡಿಸಬಹುದು ಎಂದಿತು.

ಎರಡೇ ವರ್ಷದಲ್ಲಿ, 1942ರಲ್ಲಿ, ಅದೇ ಪಂಥದ ಚಾಪ್ಲಿನ್‌ಸ್ಕಿ ಎಂಬಾತ ಸೋತ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ರೋಚೆಸ್ಟರಿನಲ್ಲಿ ಅವನು ಪಟ್ಟಣದ ಅಧಿಕಾರಿಯೊಬ್ಬರಿಗೆ ಮುಖಾಮುಖಿ ನಿಂತು ‘ಫ್ಯಾಸಿಸ್ಟ್’ ಎಂದು ಬೈದಿದ್ದ. ಅದು ಧರ್ಮಪ್ರಚಾರವಲ್ಲ, ಹೊಡೆದಾಟಕ್ಕೆ ಕರೆ ಎಂದು ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು.

ನಮ್ಮ ದೇಶದ ಹಾದಿ ಇದಕ್ಕೆ ಹತ್ತಿರವಾದರೂ ಒಂದೇ ಅಲ್ಲ. ಸಂವಿಧಾನದ 25ನೇ ವಿಧಿಯು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಎಂಬ ಬೇಲಿಯನ್ನು ಆ ವಾಕ್ಯದಲ್ಲೇ ಹಾಕಿದೆ. ‘ಪ್ರಚಾರ’ ಎಂದರೆ ತನ್ನ ಧರ್ಮದ ತತ್ವವನ್ನು ವಿವರಿಸಿ ತಿಳಿಸುವುದು, ಇನ್ನೊಬ್ಬನನ್ನು ಮತಾಂತರಿಸುವುದೇ ಒಂದು ಹಕ್ಕಲ್ಲ ಎಂದು 1977ರಲ್ಲಿ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. ತಿಳಿಸುವುದು ಎಲ್ಲಿ ಮುಗಿಯುತ್ತದೆ, ಒಲಿಸುವುದು ಎಲ್ಲಿ ಶುರುವಾಗುತ್ತದೆ ಎಂಬ ಚರ್ಚೆ ಮಾತ್ರ ಆ ತೀರ್ಪಿನಿಂದ ನಿಂತಿಲ್ಲ.

ಜೆಸ್ಸಿಯ ಪ್ಲೇಟು ನಮ್ಮಲ್ಲಿ ತಿರುಗಿದ್ದರೆ? ಬೇರೆಯವರ ಧರ್ಮವನ್ನು ಉದ್ದೇಶಪೂರ್ವಕವಾಗಿ, ದ್ವೇಷಬುದ್ಧಿಯಿಂದ ಅವಮಾನಿಸುವುದು ಇಲ್ಲಿ ಅಪರಾಧ. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಮು, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 299ನೆಯದಾಗಿದೆ. ಹಾಗಾಗಿ ಪ್ಲೇಟಿನ ಒಳಗೆ ಏನಿದೆ ಎಂಬುದನ್ನೂ ಇಲ್ಲಿ ಕೇಳುತ್ತಾರೆ. ತಿಳಿಯದೆ, ಬಾಯಿತಪ್ಪಿ ಆಡಿದ ಮಾತಿಗೆ ಈ ಕಲಮು ಅನ್ವಯಿಸದು ಎಂದು 1957ರಲ್ಲೇ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಇದನ್ನು ದೂರು ಕೊಡುವವರೂ ಮರೆಯುತ್ತಾರೆ, ಬರೆದುಕೊಳ್ಳುವವರೂ ಮರೆಯುತ್ತಾರೆ.

ಆ ಪುಟ್ಟ ಗ್ರಾಮಫೋನಿಗೆ ಒಂದು ಸೌಜನ್ಯವಿತ್ತು: ಎದುರಿಗಿದ್ದವನ ಅಪ್ಪಣೆ ಕೇಳಿ ಹಾಡಿತು, ಬೇಡವೆಂದಾಗ ಬಾಯಿ ಮುಚ್ಚಿತು. ಧ್ವನಿವರ್ಧಕಕ್ಕೆ ಅದು ಸಾಧ್ಯವಿಲ್ಲ. ನಾಳೆ ಪರೀಕ್ಷೆಯಿರುವ ಹುಡುಗಿ ಕಿಟಕಿ ಮುಚ್ಚಿ ಕುಳಿತರೂ ಅದು ಒಳಗೆ ಬರುತ್ತದೆ, ಅದು ಯಾವ ಧರ್ಮದ್ದೇ ಆಗಿರಲಿ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್‌ಗಳ ಮಿತಿ ಇಟ್ಟಿವೆ. ಹತ್ತು ಡೆಸಿಬೆಲ್ ತಾನೆ ವ್ಯತ್ಯಾಸ ಎಂದು ಮೂಗು ಮುರಿಯುವಂತಿಲ್ಲ. ಡೆಸಿಬೆಲ್ ಲೆಕ್ಕ ಕೂಡಿಕೆಯದಲ್ಲ, ಗುಣಾಕಾರದ್ದು. ಹತ್ತು ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟು, ಇಪ್ಪತ್ತು ಏರಿದರೆ ನೂರು ಪಟ್ಟು.

ಅದೇ ವರ್ಷದ ಆಗಸ್ಟ್ 30ರಂದು ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಮೊಕದ್ದಮೆ ಚೆನ್ನೈನದು. ಮಾಧವರಂ ಹೈರೋಡಿನ ಬಳಿಯ ಒಂದು ಚರ್ಚಿನಲ್ಲಿ ಪ್ರಾರ್ಥನೆಗೆ ಡ್ರಮ್ಮು, ಗಿಟಾರು, ಧ್ವನಿವರ್ಧಕ ಬಳಸುತ್ತಿದ್ದರು. ಬಡಾವಣೆಯ ನಿವಾಸಿಗಳ ಸಂಘ ಕೋರ್ಟಿಗೆ ಹೋಯಿತು. ಸದ್ದು ನಮ್ಮದಲ್ಲ, ರಸ್ತೆಯ ವಾಹನಗಳದ್ದು ಎಂಬುದು ಚರ್ಚಿನವರ ವಾದ. ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿ ಎಂದು ಯಾವ ಧರ್ಮವೂ ವಿಧಿಸುವುದಿಲ್ಲ ಎಂದ ನ್ಯಾಯಾಲಯ, ತೊಂದರೆಗೊಳಗಾಗುವವರನ್ನು ಹೆಸರಿಸುವಾಗ ವೃದ್ಧರ, ಮಕ್ಕಳ ಜೊತೆಗೆ ವಿದ್ಯಾರ್ಥಿಗಳನ್ನೂ ಸೇರಿಸಿತು. ಚರ್ಚನ್ನು ಮುಚ್ಚಲು ಯಾರೂ ಹೇಳಲಿಲ್ಲ. ಮದ್ರಾಸ್ ಹೈಕೋರ್ಟು ಪೊಲೀಸರಿಗೆ ಕೊಟ್ಟಿದ್ದ ಆದೇಶವೇ ಊರ್ಜಿತವಾಯಿತು: ಚರ್ಚಿನ ಧ್ವನಿವರ್ಧಕದ ಸದ್ದು ತಗ್ಗಿಸಬೇಕು, ಗದ್ದಲ ಮಾಡುವ ವಾಹನಗಳ ಮೇಲೂ ಕ್ರಮ ಕೈಗೊಳ್ಳಬೇಕು.