ತೊಡೆಯ ನಾಡಿಯನ್ನೂ ನೋಡಿರಿ

ಕಲಾ ವಿಭಾಗದ ವಿದ್ಯಾರ್ಥಿಯು ರಕ್ತನಾಳದ ವಿಷಯ ಬರೆಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆಸ್ಪತ್ರೆಯ ಚೀಟಿ ಓದಿಸಿಕೊಳ್ಳಲು ಓಣಿಯ ಮಂದಿ ನನ್ನಲ್ಲಿಗೇ ಬರುತ್ತಾರೆ. ಮೇಲಾಗಿ, ನವಲಗುಂದ ತಾಲೂಕಿನ ರೈತನ ಮಗನಿಗೆ ಈ ರೋಗ ತಿಳಿಯಲು ಮಲಪ್ರಭಾ ಕಾಲುವೆಯನ್ನು ಕಂಡಿದ್ದರೆ ಸಾಕು. ನಡುವೆ ಹೂಳು ತುಂಬಿ ಕಾಲುವೆ ಇಕ್ಕಟ್ಟಾದರೆ ಮೇಲಿನ ಹೊಲದಲ್ಲಿ ನೀರು ಉಕ್ಕುತ್ತದೆ, ಕೊನೆಯ ಹೊಲ ಒಣಗುತ್ತದೆ. ಹೃದಯದಿಂದ ಹೊರಡುವ ಮಹಾಧಮನಿಯು ಹುಟ್ಟಿನಿಂದಲೇ ಒಂದೆಡೆ ಇಕ್ಕಟ್ಟಾಗಿದ್ದರೂ ಹೀಗೆಯೇ. ಆ ಇಕ್ಕಟ್ಟು ಬಹುಮಟ್ಟಿಗೆ ಎಡಗೈಯ ಕವಲಿನ ಆಚೆಗೆ ಇರುವುದರಿಂದ ಕೈಗಳಲ್ಲಿ ರಕ್ತದ ಒತ್ತಡ ಏರುತ್ತದೆ, ಕಾಲುಗಳಲ್ಲಿ ಇಳಿಯುತ್ತದೆ. ತೊಡೆಯ ಸಂದಿನ ನಾಡಿ ಕ್ಷೀಣವಾಗಿ ಬಡಿಯುತ್ತದೆ, ಇಲ್ಲವೆ ಬೆರಳಿಗೆ ಸಿಕ್ಕುವುದೇ ಇಲ್ಲ.

ಇದಕ್ಕೆ ಉಪಾಯವಿಲ್ಲದ ಕಾಲ ಹೋಯಿತು. 1944ರಲ್ಲಿ ಸ್ವೀಡನ್ನಿನ ಕ್ರಾಫೋರ್ಡ್ ಎಂಬ ವೈದ್ಯರು ಎದೆ ತೆರೆದು, ಇಕ್ಕಟ್ಟಾದ ತುಂಡನ್ನು ತೆಗೆದು, ತುದಿಗಳನ್ನು ಕೂಡಿಸಿ ಹೊಲಿದರು. 1980ರ ದಶಕದಿಂದೀಚೆಗೆ ಎದೆ ತೆರೆಯದೆಯೂ ಕೆಲಸವಾಗುತ್ತಿದೆ. ತೊಡೆಯ ಧಮನಿಯಲ್ಲಿ ಕ್ಯಾಥೆಟರ್ ಎಂಬ ಸಣ್ಣ ನಳಿಗೆಯನ್ನು ತೂರಿಸಿ, ಕ್ಷಕಿರಣದ ಪರದೆಯನ್ನು ನೋಡುತ್ತ ಇಕ್ಕಟ್ಟಿನವರೆಗೆ ಒಯ್ದು, ತುದಿಯ ಬಲೂನನ್ನು ಉಬ್ಬಿಸುತ್ತಾರೆ. ಬೆಳೆದ ಮಕ್ಕಳಿಗೂ ದೊಡ್ಡವರಿಗೂ ಲೋಹದ ಜಾಳಿಗೆಯಂಥ ಸ್ಟೆಂಟನ್ನು ಅಲ್ಲಿ ನಿಲ್ಲಿಸುವುದುಂಟು. ಎಳೆಗೂಸುಗಳಿಗೆ ಇಂದಿಗೂ ಹೆಚ್ಚಾಗಿ ಶಸ್ತ್ರಕ್ರಿಯೆಯೇ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಸರಕಾರದ್ದೇ. ಮಕ್ಕಳ ಹೃದಯಕ್ಕೆ ಕ್ಯಾಥೆಟರ್ ಚಿಕಿತ್ಸೆ ಅಲ್ಲಿ ದೊರೆಯುತ್ತದೆ.

ಕೊರತೆಯಿರುವುದು ರೋಗವನ್ನು ಕಂಡುಹಿಡಿಯುವುದರಲ್ಲಿ ಎಂದು ನನ್ನ ಮತ. ಇಂಥ ಮಗು ಆಡುತ್ತದೆ, ಶಾಲೆಗೂ ಬರುತ್ತದೆ. ಕಾಲು ಸೋಲುತ್ತವೆ, ತಲೆ ನೋಯುತ್ತದೆ ಎಂದರೆ "ಬಿಸಲಾಗ ಆಡಬ್ಯಾಡಪಾ" ಎಂದು ಹಿರಿಯರು ಸುಮ್ಮನಾಗುತ್ತಾರೆ. ಹಾಗೆಯೇ ಬಿಟ್ಟರೆ ಮುಂದೆ ದುಡಿಯುವ ವಯಸ್ಸಿನಲ್ಲಿ ಹೃದಯ ಸೋಲಬಹುದು, ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18 ವರ್ಷದವರೆಗಿನ ಮಕ್ಕಳ ತಪಾಸಣೆಗೆಂದೇ ಇದೆ. ಹುಟ್ಟು ಹೃದ್ರೋಗವೂ ಅದರ ಪಟ್ಟಿಯಲ್ಲಿದೆ. ಹಲ್ಲು, ಕಣ್ಣು, ತೂಕದ ಜತೆಗೆ ತೊಡೆಯ ನಾಡಿಯನ್ನೂ, ಬಲಗೈ ಹಾಗೂ ಒಂದು ಕಾಲಿನ ಒತ್ತಡವನ್ನೂ ತಪ್ಪದೆ ನೋಡಬೇಕು. ನೂರಾರು ಮಕ್ಕಳ ಸಾಲಿನಲ್ಲಿ ಇಷ್ಟಕ್ಕೆ ಹೊತ್ತೆಲ್ಲಿ ಎನ್ನುವರು. ನಾಡಿಗೆ ಬೆರಳಿಡಲು ಒಂದು ನಿಮಿಷ ಸಾಕಲ್ಲವೇ? ಹೆಣ್ಣುಮಕ್ಕಳು ನಾಚಿದರೆ ಪರದೆಯ ಮರೆಯಲ್ಲಿ ನರ್ಸಬಾಯಿಯವರು ನೋಡಲಿ.

ಇನ್ನು ಖರ್ಚು. ಚಿಕಿತ್ಸೆ ಪುಕ್ಕಟೆಯಾದರೂ ಬೆಂಗಳೂರು 400 ಕಿಲೋಮೀಟರಿಗೂ ಮೀರಿದ ದೂರ. ಕೂಲಿ ಮುರಿದು ಹೋಗಬೇಕು. ಇಕ್ಕಟ್ಟು ಮರಳಿ ಬರುವ ಸಂಭವವಿರುವುದರಿಂದ ಒಂದೇ ಸಲಕ್ಕೆ ಮುಗಿಯುವ ಪ್ರಯಾಣವೂ ಅಲ್ಲ. ಬಸ್ಸಿನ ಚಾರ್ಜನ್ನೂ ಮುರಿದ ಕೂಲಿಯನ್ನೂ ಚಿಕಿತ್ಸೆಯ ವೆಚ್ಚದಲ್ಲಿಯೇ ಹಿಡಿಯಬೇಕು.

ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಬೀದಿ ಗುಡಿಸುತ್ತೇವೆ, ಗುಡಿಸೋಣ. ಬರುವ ಶಿಬಿರಕ್ಕೆ ತಾಲೂಕು ಆಸ್ಪತ್ರೆಯ ವೈದ್ಯರೊಬ್ಬರನ್ನು, ಮಕ್ಕಳ ಕಾಲಿಗೆ ಕಟ್ಟುವ ಅಳತೆಯ ಒತ್ತಡಪಟ್ಟಿಯ ಸಹಿತ, ಕರೆಸಬೇಕೆಂದು ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ.