ಬೆಟ್ಟ ಹತ್ತೋಣ ಬನ್ನಿ



"ಬೆಟ್ಟ ಹತ್ತೋದು ಹುಡುಗರ ಕೆಲಸ, ಈ ವಯಸ್ಸಿನಲ್ಲಿ ನಮಗ್ಯಾಕಮ್ಮ?" ಅನ್ನುವವರು ನಮ್ಮಲ್ಲಿ ಬಹಳ ಮಂದಿ. ದಿನಕ್ಕೆ ಎಷ್ಟು ಸಲ ಮಹಡಿ ಹತ್ತಿ ಬಟ್ಟೆ ಒಣಹಾಕಿ ಇಳಿಯುತ್ತೀರಿ, ಎಂದಾದರೂ ಲೆಕ್ಕ ಇಟ್ಟಿದ್ದೀರಾ? ಕಾಲಿನಲ್ಲಿ ಶಕ್ತಿ ಇದೆ. ಇಲ್ಲದಿರುವುದು ನಮ್ಮದೇ ಆದ ಒಂದು ದಿನ. ನಲವತ್ತು ದಾಟಿದ ಮೇಲೆ ಮಂಡಿಯನ್ನು ಸುಮ್ಮನೆ ಕೂರಿಸಿದಷ್ಟೂ ಅದು ಬಿಗಿಯುತ್ತದೆ. ಆದ್ದರಿಂದ ಮೊದಲ ಬೆಟ್ಟವನ್ನು ಮುಂದಿನ ವರ್ಷಕ್ಕೆ ಇಡಬೇಡಿ.

ಹೊಸಬರಿಗೆ ನಾನು ಹೇಳುವ ಬೆಟ್ಟ ಶಿವಗಂಗೆ. ನೆಲಮಂಗಲ ತಾಲ್ಲೂಕಿನಲ್ಲಿದೆ. ಬೆಂಗಳೂರು–ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಲ್ಲಿ ಇಳಿದರೆ ಅಲ್ಲಿಂದ ಕೆಲವೇ ಕಿಲೋಮೀಟರು. ಕರ್ನಾಟಕದ ಹೆಂಗಸರಿಗೆ 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡಿಲ್ಲವಲ್ಲ, ಗುರುತಿನ ಚೀಟಿ ಮಾತ್ರ ಮರೆಯಬೇಡಿ. ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 4,500 ಅಡಿ ಎತ್ತರ ಅಂದಾಗ ಗಾಬರಿಯಾಗಬೇಡಿ. ಅರ್ಧಕ್ಕಿಂತ ಹೆಚ್ಚು ಎತ್ತರವನ್ನು ಬಸ್ಸೇ ಹತ್ತಿಸಿರುತ್ತದೆ! ನಾವು ನಡೆಯುವುದು ಎರಡು–ಎರಡೂವರೆ ಕಿಲೋಮೀಟರು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳಿವೆ, ಕಡಿದಾದ ಕಡೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿಗಳಿವೆ. ನಿಧಾನವಾಗಿ ಹತ್ತಿದರೆ ಎರಡು ಗಂಟೆ ಬೇಕು.

ಹೋಗುವ ಕಾಲ ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಬೇಸಿಗೆಯಲ್ಲಿ ಕಾದ ಹಂಚಿನಂತಾಗುತ್ತದೆ. ಸಂಕ್ರಾಂತಿಯ ದಿನ ಅಲ್ಲಿ ಗಿರಿಜಾ ಕಲ್ಯಾಣ, ಜನವೋ ಜನ. ಮೊದಲ ಸಲದವರು ಆ ದಿನ ಬಿಟ್ಟು ಬೇರೆ ದಿನ ನೋಡಿ. ಬೆಳಿಗ್ಗೆ ಏಳಕ್ಕೆಲ್ಲ ಮೆಟ್ಟಿಲ ಬುಡದಲ್ಲಿದ್ದರೆ ಬಿಸಿಲೇರುವ ಮೊದಲೇ ಮೇಲಿರುತ್ತೀರಿ.

ಮುಂದಿನ ಸಂಚಿಕೆ ನಿಮ್ಮ ಕೈಸೇರುವ ತನಕ ಹದಿನೈದು ದಿನ ಇದೆ. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಒಂದು ವಾರ ಕಳೆದ ಮೇಲೆ ಮಹಡಿ ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿಯಿರಿ. ಬಿ.ಪಿ., ಸಕ್ಕರೆ ಕಾಯಿಲೆ, ಮಂಡಿನೋವು, ಎದೆನೋವು ಇರುವವರು ಮೊದಲು ಡಾಕ್ಟರನ್ನು ಕೇಳಿ.

ಸೀರೆ ಉಡುವವರು ಹತ್ತಿಯದನ್ನೇ ಉಟ್ಟು ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ. ಚೂಡಿದಾರವಾದರೆ ಇನ್ನೂ ಸಲೀಸು. ಹವಾಯಿ ಚಪ್ಪಲಿ ಖಂಡಿತ ಬೇಡ, ಅಡಿಯಲ್ಲಿ ಗೀರುಗಳಿರುವ ಬೂಟು ಹಾಕಿ. ಒಡವೆ ಮನೆಯಲ್ಲಿರಲಿ. ಕೈಗಳೆರಡೂ ಖಾಲಿ ಇರಬೇಕು, ಚೀಲ ಬೆನ್ನಿಗೆ. ಕೈಯಲ್ಲಿ ಕವರು ಕಂಡರೆ ಸಾಕು, ಅಲ್ಲಿನ ಕೋತಿಗಳು ಕೇಳಿ ಪಡೆಯುವ ಜಾತಿಯಲ್ಲ!

ತಿಂಡಿಗೆ ಪುಳಿಯೋಗರೆ, ಚಪಾತಿ–ಚಟ್ನಿಪುಡಿ, ಹುರಿಗಡಲೆ–ಬೆಲ್ಲ, ಸೌತೆಕಾಯಿ ಸಾಕು. ಕುಡಿಯಲು ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಒಂದು ನಿಂಬೆಹಣ್ಣಿನ ರಸ ಬೆರೆಸಿ. ಚಮಚ ಗೋಪುರದಂತೆ ತುಂಬದೆ ಮಟ್ಟಸವಾಗಿರಲಿ. ಇದಲ್ಲದೆ ಬರೀ ನೀರೂ ಬೇಕು.

ಇಲ್ಲೊಂದು ಮಾತನ್ನು ಸಂಕೋಚ ಬಿಟ್ಟು ಹೇಳುತ್ತೇನೆ. ದಾರಿಯಲ್ಲಿ ಕಷ್ಟವಾದೀತು ಅಂತ ನಮ್ಮ ಹೆಂಗಸರು ಪ್ರಯಾಣದ ದಿನ ನೀರೇ ಕುಡಿಯುವುದಿಲ್ಲ. ಬೆವರು ಸುರಿಯುವ ಬೆಟ್ಟದಲ್ಲಿ ಇದರಿಂದ ತಲೆ ಸುತ್ತುತ್ತದೆ, ಮೂತ್ರ ಉರಿಯುತ್ತದೆ. ಹತ್ತುವ ಮುಂಚೆ ಊರಿನಲ್ಲೇ ಶೌಚ ಮುಗಿಸಿ, ಆಮೇಲೆ ಸ್ವಲ್ಪ ಸ್ವಲ್ಪ ಗುಟುಕರಿಸುತ್ತಿರಿ. ಮುಟ್ಟಿನ ದಿನಗಳನ್ನೂ ನೋಡಿಕೊಂಡೇ ತಾರೀಖು ಇಟ್ಟುಕೊಳ್ಳಿ.

ಕೆಳಗೆ ಗಂಗಾಧರೇಶ್ವರನ ಗುಡಿ. ಇಲ್ಲಿ ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆಂದು ಪ್ರಸಿದ್ಧಿ. ಇನ್ನೂ ಮೇಲೆ ಒಳಕಲ್ಲು ತೀರ್ಥ. ಬಂಡೆಯೊಳಗಿನ ಕುಳಿಗೆ ಕೈ ಇಳಿಸಬೇಕು, ನೀರು ಸಿಕ್ಕಿದವರು ಪುಣ್ಯವಂತರು ಅಂತ ನಂಬಿಕೆ. ಜೊತೆಯಲ್ಲಿ ಹೊಸ ಸೊಸೆ ಇದ್ದು ಅವಳ ಕೈಗೆ ನೀರು ಎಟುಕದಿದ್ದರೆ? ದಯವಿಟ್ಟು ಯಾರೂ ಮುಖ ಮುಖ ನೋಡಿಕೊಳ್ಳಬೇಡಿ. ಒಬ್ಬೊಬ್ಬರ ತೋಳು ಒಂದೊಂದು ಉದ್ದ, ನೀರಿನ ಮಟ್ಟವೂ ಒಂದೊಂದು ಕಾಲಕ್ಕೆ ಒಂದೊಂದು. ಬಂಡೆಯ ಕುಳಿಯಿಂದ ಒಂದು ಹೆಣ್ಣಿನ ಪುಣ್ಯ ಅಳೆಯುವುದು ಬೇಡ. ಆ ಒಂದು ನೋಟ ಅವಳ ಮನಸ್ಸಿನಲ್ಲಿ ಎಷ್ಟು ವರ್ಷ ಕೂತಿರುತ್ತದೋ!

ಆಯಾಸವಾದವರು ಇಲ್ಲಿಂದಲೇ ತಿರುಗಬಹುದು, ನಾಚಿಕೆ ಏನೂ ಇಲ್ಲ. ಮುಂದಿನ ಏರು ಹೆಚ್ಚು ಕಡಿದು. ಒಬ್ಬರಿಗಾದರೂ ಎದೆ ಬಿಗಿದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ಕೂರಿಸಿ, ಒಂಟಿಯಾಗಿ ಬಿಟ್ಟು ಹೋಗಬೇಡಿ. ಸುಧಾರಿಸದಿದ್ದರೆ ಸಹಾಯ ಕರೆದು ಆಸ್ಪತ್ರೆಗೆ ಸೇರಿಸಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡಿ. ಅವರ ನಡಿಗೆಯೇ ಗುಂಪಿನ ನಡಿಗೆಯಾಗಲಿ.

ಮೇಲೆ ಬಂಡೆಯಲ್ಲಿ ಕೊರೆದ ದೊಡ್ಡ ಬಸವ. ಸುತ್ತ ನೋಡಿದರೆ ಹೊಲ, ತೋಟ, ಕೆರೆ. ಹೆದ್ದಾರಿಯ ಲಾರಿಗಳು ಇರುವೆ ಸಾಲಿನಂತೆ. ತುದಿಯಲ್ಲಿರುವ ಪ್ರಪಾತಕ್ಕೆ ಶಾಂತಲೆಯ ಹೆಸರು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಮಕ್ಕಳಿಲ್ಲದ ಕೊರಗಿನಿಂದ ಇಲ್ಲಿಂದ ಹಾರಿದಳೆಂಬುದು ಜನರ ಬಾಯಲ್ಲಿ ಬಂದ ಕಥೆ. ನಾಟ್ಯ, ಸಂಗೀತಗಳಲ್ಲಿ ಹೆಸರಾಗಿ, ಬಸದಿ ಕಟ್ಟಿಸಿದ ಹೆಣ್ಣು ಅವಳು. ನಾವು ಮಾತ್ರ ಕೊರಗಿನ ಕಥೆಯನ್ನೇ ಹಿಡಿದುಕೊಂಡಿದ್ದೇವೆ, ಅಲ್ಲವೇ? ಅಂಚಿಗೆ ಹೋಗಿ ಫೋಟೋ ತೆಗೆಸಿಕೊಳ್ಳುವ ಆಸೆ ಬೇಡ. ದೂರದಲ್ಲೇ ಕೂತು ಗಾಳಿ ಕುಡಿಯಿರಿ.

ಇಳಿಯುವುದು ಸುಲಭ ಅಂದುಕೊಳ್ಳಬೇಡಿ. ಮಂಡಿಗೆ ಭಾರ ಬೀಳುವುದು ಆಗಲೇ. ಕಾಲು ಸ್ವಲ್ಪ ಮಡಿಸಿ, ಕಡಿದಾದಲ್ಲಿ ಓರೆಯಾಗಿ, ಕಂಬಿ ಹಿಡಿದು ಇಳಿಯಿರಿ. ತಿಂದುಳಿದ ಕಾಗದ, ಬಾಟಲಿ ನಿಮ್ಮ ಚೀಲದಲ್ಲೇ ಕೆಳಗೆ ಬರಲಿ. ರಾತ್ರಿ ಕಾಲಿಗೆ ಬಿಸಿನೀರು ಹಾಕಿಕೊಳ್ಳಿ.

ಆ ದಿನದ ಅಡಿಗೆಗೆ ಏನು ಮಾಡೋದು ಅಂತೀರಾ? ಹಿಂದಿನ ರಾತ್ರಿ ಸಾರು ಮಾಡಿಟ್ಟು ಹೊರಡುವ ಯೋಚನೆ ಬೇಡ. ಅನ್ನ ಮಾಡಲು ಮನೆಯವರಿಗೂ ಕೈಗಳಿವೆ. ಯಾವ ದಿನ ಹೊರಡುತ್ತೀರಿ ಅಂತ ಇವತ್ತೇ ಪಕ್ಕದ ಮನೆಯವರನ್ನು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹೋಗಿ ಬಂದ ಮೇಲೆ ನನಗೊಂದು ಕಾಗದ ಬರೆಯಿರಿ.