ಎಣಿಸದ ಜೀವಗಳು ಯಾರ ಖಾತೆಗೆ?

ದಾಸ್ತಾನು ಎಣಿಸದೆ ಮಳಿಗೆಯನ್ನು ಪರಭಾರೆ ಮಾಡುವ ವ್ಯಾಪಾರಿ ಇರಲಾರನು. ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ನಡೆದಿರುವುದು ಅದೇ. ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಹಾಗೂ ಹೊಸ ನಗರಕ್ಕಾಗಿ ಅಲ್ಲಿಯ 130.75 ಚದರ ಕಿಲೋಮೀಟರ್ ಕಾಡನ್ನು ಬಿಟ್ಟುಕೊಡಲು ಕೇಂದ್ರ ಸರ್ಕಾರವು 2022ರಲ್ಲಿ ಒಪ್ಪಿತು. ಕಡಿಯಬೇಕಾದ ಮರಗಳು ಮೊದಲು ಸುಮಾರು 8.5 ಲಕ್ಷವೆಂದಾಯಿತು, 2023ರಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ 9.64 ಲಕ್ಷವಾಯಿತು. ಸ್ವತಂತ್ರ ಪರಿಸರತಜ್ಞರ ಅಂದಾಜು ಇದರ ಹಲವು ಪಟ್ಟು. ಲಕ್ಷಕ್ಕೂ ಮೀರಿದ ವ್ಯತ್ಯಾಸವುಳ್ಳ ಪಟ್ಟಿಗೆ ಯಾವ ಲೆಕ್ಕಪರಿಶೋಧಕನು ಸಹಿ ಹಾಕುವನು?

ಇಷ್ಟಾಗಿ ಇದು ಮರಗಳ ಲೆಕ್ಕ ಮಾತ್ರ. ಕಾಂಡದ ಸುತ್ತಳತೆ ಹಿಡಿದು ಎಣಿಸುವವರಿಗೆ ಜರೀಗಿಡ, ಸೀತಾಳೆ, ಬಳ್ಳಿ, ಪಾಚಿಗಳು ಲೆಕ್ಕಕ್ಕಿಲ್ಲ. ವನಸ್ಪತಿಕಾಯವನ್ನು ಪ್ರತ್ಯೇಕ, ಸಾಧಾರಣ ಎಂದು ವಿಂಗಡಿಸಿ, ಸಾಧಾರಣದ ಒಂದೇ ಶರೀರದಲ್ಲಿ ಅನಂತ ಜೀವಗಳನ್ನು ಕಂಡ ಆಗಮದ ಎಣಿಕೆಯು ಅರಣ್ಯ ಇಲಾಖೆಯ ಎಣಿಕೆ ಮುಗಿದಲ್ಲಿ ಆರಂಭವಾಗುತ್ತದೆ. ಸಸ್ಯಶಾಸ್ತ್ರಜ್ಞರೂ ಇದನ್ನು ಬಲ್ಲರು. ಹೂವು ಕಾಯಿಗಳಿಲ್ಲದೆ ಎಷ್ಟೋ ಗಿಡಗಳ ಜಾತಿಯನ್ನು ನಿಶ್ಚಯಿಸಲಾಗದು. ಆದ್ದರಿಂದ ಋತು ಋತುವಿಗೂ ಅದೇ ಇಳಿಜಾರನ್ನು ಮತ್ತೆ ಹತ್ತಬೇಕು. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯು 1999ರಲ್ಲಿ ಈ ದ್ವೀಪದ ಸಸ್ಯಸಂಪತ್ತಿನ ಗ್ರಂಥವನ್ನು ಹೊರತಂದಿತು. ಮಾದರಿಗೆಂದು ಒಂದು ರೆಂಬೆ ಕೀಳುವುದೂ ಹಿಂಸೆಯೇ, ನಿಜ. ಆದರೆ ಆ ರೆಂಬೆಯನ್ನು ಆಕ್ಷೇಪಿಸುವ ನಾಲಗೆಯು ಇಡೀ ಕಾಡಿನ ವಿಷಯದಲ್ಲಿ ಸುಮ್ಮನಿರುವುದು ವಿಚಿತ್ರ.

ಕಡಿದುದಕ್ಕೆ ಬದಲಾಗಿ ದೂರದ ಹರಿಯಾಣದಲ್ಲಿ ಗಿಡ ನೆಡುವ ಯೋಜನೆಯಿದೆ. ಮುಖ್ಯಭೂಮಿಗಿಂತ ಸುಮಾತ್ರಾಕ್ಕೆ ಸಮೀಪವಿರುವ ದ್ವೀಪದ ಮಳೆಕಾಡಿಗೆ ಒಣನಾಡಿನ ಸಸಿಗಳು ಸಮವೆಂಬ ಈ ಜಮಾಖರ್ಚು ಎಂಥದೆಂದು ಮಂಚೇನಹಳ್ಳಿ, ಗೌರಿಬಿದನೂರು ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಟಿಪ್ಪುವಿನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟಕ್ಕೆ ಬಂದ ನೀಲಗಿರಿಯ ಸಂತತಿಯೇ 'ಮೈಸೂರು ಗಮ್' ಎಂಬ ಹೆಸರಿನಲ್ಲಿ ದೇಶವೆಲ್ಲ ಹರಡಿತು. ಈ ಸೀಮೆಯ ರಾಗಿ ಹೊಲಗಳನ್ನೂ ಗೋಮಾಳಗಳನ್ನೂ ಅದು ನುಂಗಿತು. ಕಾಗದದಲ್ಲಿ ಅದೂ ಹಸುರೇ. 2017ರಲ್ಲಿ ಸರ್ಕಾರವೇ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಬೇಕಾಯಿತು.

ದೇಶರಕ್ಷಣೆಯು ವಿರೋಧಿ ಹಿಂಸೆ, ಗೃಹಸ್ಥನಿಗೆ ಅದು ಕ್ಷಮ್ಯ ಎಂದು ಕೆಲವರು ವಾದಿಸುವರು. ನೌಕಾಪಡೆಯ ನೆಲೆ 'ಬಾಜ್' ಆ ದ್ವೀಪದಲ್ಲಿ 2012ರಿಂದಲೇ ಇದೆ. ಸರಕು ಸಾಗಣೆಯ ಬಂದರೂ ಲಕ್ಷಾಂತರ ಜನರ ನಗರವೂ ಉದ್ಯೋಗಿ ಹಿಂಸೆಗೆ ಸೇರಿದವು, ಅದಕ್ಕೆ ಮಿತಿಯುಂಟು. ಕಾಡು ಕಡಿದು ಬದುಕುವ ವನಜೀವಿಕೆಯು ಖರಕರ್ಮಗಳಲ್ಲಿ ಒಂದೆಂದು ಎಣಿಕೆಯಾಗಿದೆ, ಪಂಡಿತ ಆಶಾಧರರ ಸಾಗಾರಧರ್ಮಾಮೃತವನ್ನು ತೆರೆದು ನೋಡಬಹುದು. ನಿಷ್ಪ್ರಯೋಜಕವಾಗಿ ವನಸ್ಪತಿಯನ್ನು ಕತ್ತರಿಸುವುದು ಪ್ರಮಾದಚರ್ಯೆಯೆಂದು ಸಮಂತಭದ್ರಾಚಾರ್ಯರ ಶ್ರಾವಕಾಚಾರವು ಅನರ್ಥದಂಡದಲ್ಲಿ ಸೇರಿಸಿದೆ. ಇಲ್ಲಿ ಪ್ರಯೋಜನವುಂಟೆಂದು ಯಾರಾದರೂ ಹೇಳಿದರೆ, ಅದನ್ನು ನಷ್ಟದ ಎದುರಿಗಿಟ್ಟು ತೂಗಬೇಕು. ನಷ್ಟವನ್ನೇ ಎಣಿಸದಿದ್ದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನನ್ನಿಡುವುದು?

ಮನೆಯಲ್ಲಿ ಕಂದಮೂಲ ಮುಟ್ಟದ ಶ್ರಾವಕರು, ಪಂಚಕಲ್ಯಾಣದ ನೆನಪಿಗೆ ಸಸಿ ನೆಟ್ಟು ಫಲಕ ಹಾಕಿಸುವ ಬಸದಿ ಟ್ರಸ್ಟುಗಳು ಈ ವಿಷಯದಲ್ಲಿ ಒಂದು ಠರಾವನ್ನಾದರೂ ಮಾಡಬಹುದಿತ್ತು. ಠೇವಣಿಯ ಹಣವನ್ನು ಹೂಡುವಾಗ ಬಡ್ಡಿಯ ದರವನ್ನು ಕೇಳುವ ಧರ್ಮದರ್ಶಿಗಳು, ಆ ಹಣದಿಂದ ಯಾವ ಕಾಡು ಉರುಳುವುದೆಂದು ಕೇಳುವ ರೂಢಿಯನ್ನು ಬರುವ ವಾರ್ಷಿಕ ಸಭೆಯಲ್ಲೇ ಆರಂಭಿಸಲಿ. ಗೆಲಾಥಿಯಾ ಕೊಲ್ಲಿಯ ಅಭಯಾರಣ್ಯದ ಅಧಿಸೂಚನೆಯನ್ನು 2021ರಲ್ಲಿ ರದ್ದುಪಡಿಸುವಾಗ ಅಂಥ ಪ್ರಶ್ನೆಯು ಒಂದೇ ಒಂದು ಬಸದಿಯಿಂದಲೂ ಕೇಳಿಬರಲಿಲ್ಲ.